ಮೂಗು ಕಟ್ಟಿದೆಯೇ? ದಿನ ಎಣಿಸಿ

ಗೋವಾದ ಮಳೆಗಾಲ. ಝುವಾರಿನಗರ, ಬೈನಾ, ಮಡಗಾಂವ್, ಮಾಪ್ಸಾ, ನಮ್ಮ ಕನ್ನಡದ ಜನ ಎಲ್ಲೇ ಇರಲಿ, ಈ ತಿಂಗಳುಗಳಲ್ಲಿ ಇಂಥ ಮಾತು ಕೇಳಿಸುತ್ತದೆ.

“ಯಾಕೋ ತಮ್ಮಾ, ಇವತ್ತ ಕೆಲಸಕ್ಕ ಹೋಗಿಲ್ಲೇನು?”

“ಇಲ್ಲ ಯಕ್ಕಾ. ಸೈನಸ್ ಆಗೇತಿ. ತಲಿ ಭಾರ ಐತಿ. ಮೆಡಿಕಲ್‌ದಾಗ ಗುಳಿಗಿ ತಂದೇನಿ.”

“ಎಷ್ಟ ದಿನಾ ಆತು?”

“ನಿನ್ನೆ ಸುರು ಆತು.”

ಅಕ್ಕ ಸರಿಯಾದ ಪ್ರಶ್ನೆ ಕೇಳಿದ್ದಾಳೆ. ಎಷ್ಟು ದಿನ ಆಯಿತು? ಮೂಗು ಕಟ್ಟಿದಾಗ ಮೊದಲು ಕೇಳಬೇಕಾದ ಮಾತು ಇದು. ಯಾಕೆ ಅಂತ ಈ ಪಾಠದಲ್ಲಿ ನೋಡೋಣ.

ಸೈನಸ್ ಅಂದರೆ ಏನು?

ಸೈನಸ್ ಅನ್ನೋದು ರೋಗದ ಹೆಸರಲ್ಲ. ಅದು ನಮ್ಮ ಮುಖದ ಎಲುಬಿನೊಳಗೆ ಇರುವ ಟೊಳ್ಳು ಜಾಗ. ನಿಮಗೂ ಇದೆ, ನನಗೂ ಇದೆ. ಅದರೊಳಗೆ ಗಾಳಿ ಇರುತ್ತದೆ.

ನಿಮ್ಮ ಬೆರಳನ್ನು ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಇಡಿ. ಒಳಗೆ ಒಂದು ಸೈನಸ್ ಇದೆ. ಎರಡು ಕೆನ್ನೆಗೆ ಎರಡು. ಈಗ ಹುಬ್ಬಿನ ಮೇಲೆ ಹಣೆಗೆ ಬೆರಳು ಇಡಿ. ಅಲ್ಲೂ ಎರಡು ಇವೆ. ಮೂಗಿನ ಬುಡದಲ್ಲಿ, ಎರಡು ಕಣ್ಣುಗಳ ನಡುವೆ, ಸಣ್ಣ ಸಣ್ಣ ಗೂಡುಗಳ ಗುಂಪು ಇದೆ. ಇನ್ನೊಂದು ಜೋಡಿ ತಲೆಯ ಒಳಗೆ, ಮೂಗಿನ ಹಿಂದೆ ಇದೆ. ಅದನ್ನು ಹೊರಗಿನಿಂದ ಮುಟ್ಟಲು ಆಗದು.

ಕೆನ್ನೆಯ ಸೈನಸ್ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಮೂರು ಚಹಾ ಚಮಚದಷ್ಟು ನೀರು ಹಿಡಿಯಬಹುದು.

ನಮ್ಮ ಊರ ಕಡೆ ಹಗೇವು ಇದ್ದವು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿದರೆ ಹೇಳುತ್ತಾರೆ. ನೆಲದೊಳಗೆ ದೊಡ್ಡ ಗುಂಡಿ. ಅದರಲ್ಲಿ ಜೋಳ ತುಂಬುತ್ತಿದ್ದರು. ಒಳಗೆ ಅಗಲ, ಬಾಯಿ ಮಾತ್ರ ಸಣ್ಣದು. ಬಾಯಿ ಇರೋದು ಮೇಲೆ. ಕೆನ್ನೆಯ ಸೈನಸ್ ಕೂಡ ಹಗೇವಿನ ಹಾಗೆ. ಒಳಗೆ ಅಗಲ. ಅದರ ಬಾಯಿ ಸಣ್ಣದು, ಅದೂ ಮೇಲ್ಗಡೆಗೆ ಇದೆ. ಆ ಬಾಯಿ ಮೂಗಿನೊಳಗೆ ತೆರೆಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಬಾಯಿ ಮೇಲೆ ಇದ್ದರೆ ಒಳಗಿನ ನೀರು ಹೊರಗೆ ಬರುವುದು ಹೇಗೆ? ನೀರು ತಾನಾಗಿ ಮೇಲಕ್ಕೆ ಹರಿಯುವುದಿಲ್ಲವಲ್ಲ?

ಸೈನಸ್ಸಿನ ಒಳಗೆ ತೆಳುವಾದ ಒದ್ದೆ ಪದರ ಇದೆ. ಅದರ ಮೇಲೆ ಕಣ್ಣಿಗೆ ಕಾಣದ ಸಣ್ಣ ಕೂದಲುಗಳು ಇವೆ. ಅವು ಹಗಲೂ ರಾತ್ರಿ ಅಲ್ಲಾಡುತ್ತವೆ. ಕಸಬರಿಗೆಯಿಂದ ಗುಡಿಸಿದ ಹಾಗೆ ಸಿಂಬಳವನ್ನು ಬಾಯಿಯ ಕಡೆಗೆ ತಳ್ಳುತ್ತವೆ. ಮೂಗು ಮತ್ತು ಸೈನಸ್ಸಿನಲ್ಲಿ ದಿನಕ್ಕೆ ಸುಮಾರು ಒಂದು ಲೀಟರ್ ಸಿಂಬಳ ತಯಾರಾಗುತ್ತದೆ. ಅಷ್ಟೊಂದಾ ಅಂತ ಆಶ್ಚರ್ಯ ಬೇಡ. ಹೆಚ್ಚಿನದು ಗಂಟಲಿಗೆ ಇಳಿದು ನಮಗೆ ಗೊತ್ತಾಗದೆ ಹೊಟ್ಟೆಗೆ ಹೋಗುತ್ತದೆ. ಸಿಂಬಳ ಅಂದರೆ ನಾವು ಅಸಹ್ಯ ಪಡುತ್ತೇವೆ. ಆದರೆ ಧೂಳು ಮತ್ತು ರೋಗಾಣುಗಳನ್ನು ಹಿಡಿದು ಹೊರಗೆ ಹಾಕುವುದು ಅದೇ.

ಬಾವು ಬಂದಾಗ

ಕೈಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ. ಬಿಸಿ ಆಗುತ್ತದೆ. ಊದುತ್ತದೆ. ನೋಯುತ್ತದೆ. ಇದನ್ನು ನಾವು ಬಾವು ಅಂತೀವಿ. ಪುಸ್ತಕದಲ್ಲಿ ಉರಿಯೂತ ಅಂತ ಬರೆಯುತ್ತಾರೆ. ಹೊರಗಿನಿಂದ ಬಂದ ಶತ್ರುವಿನ ಜೊತೆ ನಮ್ಮ ಮೈ ಹೋರಾಡುವಾಗ ಹೀಗೆ ಆಗುತ್ತದೆ.

ನೆಗಡಿ ಬಂದಾಗ ಮೂಗಿನ ಒಳಗೂ ಬಾವು ಬರುತ್ತದೆ. ಒಳಪದರ ಊದುತ್ತದೆ. ಸೈನಸ್ಸಿನ ಸಣ್ಣ ಬಾಯಿ ಮುಚ್ಚಿಹೋಗುತ್ತದೆ. ಕಸಬರಿಗೆ ಕೂದಲುಗಳಿಗೆ ಗುಡಿಸಲು ಆಗುವುದಿಲ್ಲ. ಸಿಂಬಳ ಒಳಗೇ ನಿಲ್ಲುತ್ತದೆ. ಆಗ ಕೆನ್ನೆ ಭಾರ, ಹಣೆ ಭಾರ. ಬಗ್ಗಿದರೆ ನೋವು ಹೆಚ್ಚು. ವಾಸನೆ ಗೊತ್ತಾಗದು. ಮೇಲಿನ ಹಲ್ಲುಗಳು ನೋಯಬಹುದು. ಇದಕ್ಕೆ ಡಾಕ್ಟರು ಸೈನಸೈಟಿಸ್ ಅನ್ನುತ್ತಾರೆ. ನಮ್ಮ ಹಿರಿಯರು ಪೀನಸ ಅನ್ನುತ್ತಿದ್ದರು.

ಈ ಬಾವಿಗೆ ಕಾರಣ ಯಾರು? ಬಹಳ ಸಲ ವೈರಸ್. ನೆಗಡಿ ತರುವ ರೋಗಾಣು ಅದು. ನೆಗಡಿ ಆದ ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಆಮೇಲೆ ಬ್ಯಾಕ್ಟೀರಿಯಾ ಎಂಬ ಬೇರೆ ರೋಗಾಣು ಸೇರಿಕೊಂಡು ಕೀವು ಮಾಡುತ್ತದೆ. ಈ ಎರಡರ ವ್ಯತ್ಯಾಸ ನೆನಪಿಡಿ. ಆಂಟಿಬಯಾಟಿಕ್ ಗುಳಿಗೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ವೈರಸ್ಸಿಗೆ ಅದು ಏನೂ ಮಾಡದು.

ಇನ್ನು ಕೆಲವರಿಗೆ ಧೂಳು, ಬೂಸು, ಹೊಗೆ ಒಗ್ಗುವುದಿಲ್ಲ. ಅವುಗಳಿಂದಲೂ ಬಾವು ಬರುತ್ತದೆ. ಅದಕ್ಕೆ ಅಲರ್ಜಿ ಅನ್ನುತ್ತಾರೆ. ಸಾಲಾಗಿ ಸೀನು, ಮೂಗಿನಲ್ಲಿ ತುರಿಕೆ, ಕಣ್ಣಲ್ಲಿ ನೀರು ಇದ್ದರೆ ಅಲರ್ಜಿ ಇರಬಹುದು.

ಗೋವಾದಲ್ಲಿ ಯಾಕೆ ಹೆಚ್ಚು ಅನಿಸುತ್ತದೆ?

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಗೋವಾದಲ್ಲಿ ಸುಮಾರು 3000 ಮಿಲಿಮೀಟರ್. ಅಂದರೆ ಐದು ಪಟ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ. ಬಟ್ಟೆ ಒಣಗುವುದಿಲ್ಲ. ಸಣ್ಣ ಖೋಲಿ, ಮೇಲೆ ತಗಡು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಗೋಡೆಯ ಮೇಲೆ ಕರಿ ಬೂಸು ಬರುತ್ತದೆ. ಮಳೆಗೆ ಕಿಟಕಿ ಮುಚ್ಚಿ ಐದಾರು ಜನ ಒಂದೇ ಕಡೆ ಮಲಗುತ್ತಾರೆ. ಒಬ್ಬರ ನೆಗಡಿ ಎಲ್ಲರಿಗೂ ಹತ್ತುತ್ತದೆ. ಮಳೆಯಲ್ಲಿ ನೆನೆದಿದ್ದಕ್ಕೇ ನೆಗಡಿ ಬಂತು ಅಂತ ನಾವು ತಿಳಿಯುತ್ತೇವೆ. ಆದರೆ ನೆಗಡಿ ತರುವುದು ಮಳೆಯ ನೀರಲ್ಲ, ಪಕ್ಕದವರ ಸೀನು ಮತ್ತು ಕೈ.

ಕೆಲಸದ ಧೂಳು ಬೇರೆ. ಗೌಂಡಿಗಳಿಗೆ ಸಿಮೆಂಟ್ ಧೂಳು. ಟೈಲ್ಸ್ ಮತ್ತು ಫರ್ಸಿ ಕತ್ತರಿಸುವವರಿಗೆ ಕಲ್ಲಿನ ಧೂಳು. ಮುರಗಾಂವ ಬಂದರಿನಲ್ಲಿ ಕಲ್ಲಿದ್ದಲು ಇಳಿಯುತ್ತದೆ. ಆ ಕಡೆ ಕೆಲಸ ಮಾಡುವವರಿಗೆ ಅದರ ಕರಿ ಪುಡಿ. ಮನೆಗೆ ಬಂದರೆ ಸೊಳ್ಳೆ ಬತ್ತಿಯ ಹೊಗೆ, ಬೀಡಿ ಹೊಗೆ. ಹೊಗೆ ತಾಗಿದರೆ ಆ ಕಸಬರಿಗೆ ಕೂದಲುಗಳು ಸೋತುಹೋಗುತ್ತವೆ.

ಕಲ್ಲು ಕತ್ತರಿಸುವಾಗ ನೀರು ಬಿಟ್ಟು ಕತ್ತರಿಸಿದರೆ ಧೂಳು ಏಳುವುದಿಲ್ಲ. ಗುತ್ತಿಗೆದಾರರ ಹತ್ತಿರ ಧೂಳಿನ ಮಾಸ್ಕ್ ಕೇಳಿ. ಕೇಳಲು ಸಂಕೋಚ ಬೇಡ. ಕಲ್ಲಿನ ಧೂಳು ಮೂಗಿಗಿಂತ ಪುಪ್ಪುಸಕ್ಕೆ ಇನ್ನೂ ಕೆಟ್ಟದ್ದು.

ಹತ್ತು ದಿನದ ಲೆಕ್ಕ

ಈಗ ಅಕ್ಕ ಕೇಳಿದ ಪ್ರಶ್ನೆಗೆ ಬರೋಣ.

ನೆಗಡಿ ಶುರುವಾದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿ. ನೀವು ಈಗ ಅಂಕಿ ಓದಬಲ್ಲಿರಿ, ಬರೆಯಬಲ್ಲಿರಿ. ಈ ಕೆಲಸ ನಿಮ್ಮಿಂದ ಆಗುತ್ತದೆ.

ವೈರಸ್ಸಿನ ನೆಗಡಿ ಮೂರನೇ ದಿನ, ನಾಲ್ಕನೇ ದಿನ ಜೋರಾಗಿರುತ್ತದೆ. ಆಮೇಲೆ ಇಳಿಯುತ್ತ ಬರುತ್ತದೆ. ಹತ್ತು ದಿನದೊಳಗೆ ಬಹಳಷ್ಟು ಜನರಿಗೆ ವಾಸಿ ಆಗುತ್ತದೆ. ಕೆಮ್ಮು ಇನ್ನೂ ಕೆಲವು ದಿನ ಇರಬಹುದು. ನಡುವೆ ಸಿಂಬಳ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಬಹುದು. “ಹಸಿರಾಗಿದೆ, ಆಂಟಿಬಯಾಟಿಕ್ ಬೇಕೇ ಬೇಕು” ಅಂತ ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಬರೀ ಬಣ್ಣ ನೋಡಿ ಬ್ಯಾಕ್ಟೀರಿಯಾ ಅಂತ ಹೇಳಲು ಆಗದು.

ಹಾಗಾದರೆ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ ಹೋಗಿ. ಐದಾರು ದಿನಕ್ಕೆ ಕಡಿಮೆ ಆಗಿ, ಮತ್ತೆ ಜ್ವರ, ನೋವು ಏರಿದರೆ ಹೋಗಿ. ಮೊದಲಿನಿಂದಲೇ ಮೂರು ನಾಲ್ಕು ದಿನ ಜೋರು ಜ್ವರ, ಕೆನ್ನೆ ನೋವು, ಗಟ್ಟಿ ಕೀವಿನಂಥ ಸಿಂಬಳ ಮೂರೂ ಒಟ್ಟಿಗೆ ಇದ್ದರೆ ಹತ್ತು ದಿನ ಕಾಯಬೇಡಿ.

ಹನ್ನೆರಡು ವಾರ ಕಳೆದರೂ ಮೂಗು ಕಟ್ಟಿಯೇ ಇದ್ದರೆ ಅದು ಬೇರೆ ಮಾತು. ಹಳೇ ಸೈನಸೈಟಿಸ್. ಅಲರ್ಜಿ ಇರಬಹುದು. ಮೂಗಿನ ನಡುಗೋಡೆ ಸೊಟ್ಟ ಇರಬಹುದು. ಒಳಗೆ ದ್ರಾಕ್ಷಿಯ ಹಾಗೆ ಮೆತ್ತನೆ ಗಂಟು ಬೆಳೆದಿರಬಹುದು. ಕಿವಿ ಮೂಗು ಗಂಟಲಿನ ಡಾಕ್ಟರು ದುರ್ಬೀನು ಹಾಕಿ ನೋಡುತ್ತಾರೆ. ಹೆಚ್ಚಿನವರಿಗೆ ಮೂಗಿಗೆ ಹೊಡೆಯುವ ಔಷಧ ಸಾಕು. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ.

ಒಂದೇ ಕಡೆ ಮೂಗಿನಿಂದ ನಾರುವ ಕೀವು ಬಂದರೆ ಹಲ್ಲು ತೋರಿಸಿ. ಮೇಲಿನ ದವಡೆ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ನೆಲಕ್ಕೆ ತಾಗಿಕೊಂಡಿರುತ್ತದೆ. ಹುಳುಕು ಹಲ್ಲಿನ ಕೀವು ಅಲ್ಲಿಗೆ ಏರುತ್ತದೆ. ಸಣ್ಣ ಮಕ್ಕಳಿಗೆ ಹೀಗಾದರೆ ಮೂಗಿನಲ್ಲಿ ಕಡಲೆಕಾಳು, ಮಣಿ ಏನಾದರೂ ಸಿಕ್ಕಿಕೊಂಡಿದೆಯೇ ಅಂತ ಡಾಕ್ಟರಿಂದ ನೋಡಿಸಿ. ನೀವೇ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ.

ಇನ್ನೊಂದು ಮಾತು. ಅರ್ಧ ತಲೆ ಸಿಡಿತ, ವಾಂತಿ, ಬೆಳಕು ಕಂಡರೆ ಆಗದು, ಆದರೆ ಮೂಗಿನಲ್ಲಿ ಕೀವಿಲ್ಲ, ಜ್ವರವಿಲ್ಲ. ಇದನ್ನೂ ಜನ ಸೈನಸ್ ಅಂತಲೇ ಕರೆಯುತ್ತಾರೆ. ಬಹಳ ಸಲ ಅದು ಅರೆತಲೆ ನೋವು. ಅದರ ಔಷಧವೇ ಬೇರೆ. ವರ್ಷಗಟ್ಟಲೆ ಸೈನಸ್ಸಿಗೆ ಗುಳಿಗೆ ನುಂಗಿದರೂ ಅದು ಹೋಗದು.

ಕೆಂಪು ಗೆರೆ ನೋಡಿದ್ದೀರಾ?

ಗುಳಿಗೆಯ ಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿ. ಕೆಲವು ಪಟ್ಟಿಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಆಂಟಿಬಯಾಟಿಕ್ ಪಟ್ಟಿಯ ಮೇಲೆ ಈ ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ತಗೋಬಾರದು ಅಂತ ಅದರ ಅರ್ಥ. 2016ರಲ್ಲಿ ಭಾರತ ಸರ್ಕಾರ ಈ ಕೆಂಪು ಗೆರೆಯ ಬಗ್ಗೆ ದೇಶದ ತುಂಬ ಪ್ರಚಾರ ಶುರು ಮಾಡಿತು. ಅಕ್ಷರ ಬಾರದವರಿಗೂ ಗೆರೆ ಕಾಣುತ್ತದೆ. ಒಳ್ಳೆಯ ಉಪಾಯ.

ಚೀಟಿ ಇಲ್ಲದೆ ಎರಡು ಗುಳಿಗೆ ಬಿಡಿಯಾಗಿ ಕೊಂಡರೆ ಏನು ತಪ್ಪು? ಒಂದು, ವೈರಸ್ ಇದ್ದರೆ ದುಡ್ಡು ದಂಡ. ಹೊಟ್ಟೆ ಕೆಡಬಹುದು, ಭೇದಿ ಆಗಬಹುದು. ಎರಡು, ಬ್ಯಾಕ್ಟೀರಿಯಾ ಇದ್ದರೆ ಎರಡು ಗುಳಿಗೆ ಸಾಲದು. ಬಲಹೀನವಾದ ರೋಗಾಣು ಸಾಯುತ್ತವೆ, ಗಟ್ಟಿ ಇರುವವು ಉಳಿಯುತ್ತವೆ. ಆಮೇಲೆ ಬೆಳೆಯುವುದು ಆ ಗಟ್ಟಿಯವೇ. ಮುಂದೆ ನಿಮಗೋ ನಿಮ್ಮ ಕೂಸಿಗೋ ನ್ಯುಮೋನಿಯಾ ಬಂದಾಗ ಅದೇ ಗುಳಿಗೆ ಕೆಲಸ ಮಾಡದೇ ಹೋಗಬಹುದು. ಒಂದು ದಿನದ ಪಗಾರ ಉಳಿಸಲು ಹೋಗಿ ದೊಡ್ಡ ರೋಗಕ್ಕೆ ಔಷಧವೇ ಇಲ್ಲದಂತೆ ಆಗುತ್ತದೆ.

ಡಾಕ್ಟರು ಆಂಟಿಬಯಾಟಿಕ್ ಬರೆದುಕೊಟ್ಟರೆ ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಅಂತ ಕೇಳಿ ಅಷ್ಟನ್ನೂ ತಗೊಳ್ಳಿ. ಪಕ್ಕದ ಮನೆಯವರ ಉಳಿದ ಗುಳಿಗೆ ಬೇಡ.

ಮನೆಯಲ್ಲಿ ಏನು ಮಾಡಬಹುದು?

ವಿಶ್ರಾಂತಿ, ಬಿಸಿ ಗಂಜಿ, ಸಾಕಷ್ಟು ನೀರು. ತಲೆದಿಂಬು ಸ್ವಲ್ಪ ಎತ್ತರ ಮಾಡಿ ಮಲಗಿ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ದಿನಾ ಕುಡಿಯುವ ಅಭ್ಯಾಸ ಇದ್ದವರು ಅದನ್ನೂ ಕೇಳಿಯೇ ತಗೋಬೇಕು, ಯಕೃತ್ತಿಗೆ ಪೆಟ್ಟು. ನೆಗಡಿಗೆ ಫೆನಿ ಮದ್ದು ಅಂತ ಇಲ್ಲಿ ಹೇಳುವವರಿದ್ದಾರೆ. ಮದ್ಯ ಕುಡಿದರೆ ಮೂಗಿನ ಒಳಪದರ ಇನ್ನೂ ಊದಬಹುದು.

ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದು. ಯೋಗ ಮಾಡುವವರು ಇದಕ್ಕೆ ಜಲನೇತಿ ಅನ್ನುತ್ತಾರೆ. ಅರ್ಧ ಲೀಟರ್ ನೀರನ್ನು ಐದು ನಿಮಿಷ ಕುದಿಸಿ. ಅದಕ್ಕೆ ಒಂದು ಚಹಾ ಚಮಚ ಮಟ್ಟಸವಾಗಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಉಗುರುಬೆಚ್ಚಗೆ ಆಗುವ ತನಕ ಆರಿಸಿ. ಬಚ್ಚಲಿನಲ್ಲಿ ಮುಂದಕ್ಕೆ ಬಗ್ಗಿ ತಲೆ ಒಂದು ಕಡೆ ವಾಲಿಸಿ, ಬಾಯಿಯಿಂದ ಉಸಿರಾಡಿ. ಮೇಲಿನ ಹೊಳ್ಳೆಗೆ ನಿಧಾನ ಹಾಕಿದರೆ ಕೆಳಗಿನ ಹೊಳ್ಳೆಯಿಂದ ಬರುತ್ತದೆ. ಗಿಂಡಿಯನ್ನು ತೊಳೆದು ಒಣಗಿಸಿ ಇಡಿ.

ನಲ್ಲಿ ನೀರು, ಬಾವಿ ನೀರು, ಕೆರೆ ನೀರನ್ನು ಕುದಿಸದೆ ಮೂಗಿಗೆ ಹಾಕಬೇಡಿ. ಇದನ್ನು ಲಘುವಾಗಿ ತಗೋಬೇಡಿ. ಕೊಳಕು ನೀರಿನಲ್ಲಿ ಅಮೀಬಾ ಎಂಬ ಸೂಕ್ಷ್ಮ ಜೀವಿ ಇರಬಹುದು. ಅದು ಮೂಗಿನ ಮೂಲಕ ಮೆದುಳಿಗೆ ಏರುತ್ತದೆ. ಕೇರಳದಲ್ಲಿ 2024 ಮತ್ತು 2025ರಲ್ಲಿ ಈ ರೋಗದಿಂದ ಜನ ಸತ್ತಿದ್ದಾರೆ.

ಹಬೆ ತಗೊಂಡರೆ ಸ್ವಲ್ಪ ಹೊತ್ತು ಹಗುರ ಅನಿಸುತ್ತದೆ. ಅದು ರೋಗ ವಾಸಿ ಮಾಡದು. ಇಕ್ಕಟ್ಟಿನ ಖೋಲಿಯಲ್ಲಿ ಕುದಿಯುವ ನೀರಿನ ಪಾತ್ರೆ ಇಟ್ಟುಕೊಂಡು ಚಾದರ ಹೊದ್ದು ಕೂತಾಗ ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವವರಿದ್ದಾರೆ. ಮಕ್ಕಳಿಗಂತೂ ಹಬೆ ಬೇಡ. ಕಾಸಿದ ಎಣ್ಣೆಯನ್ನು ಮಕ್ಕಳ ಮೂಗಿಗೆ ಬಿಡುವುದೂ ಬೇಡ, ಅದು ಪುಪ್ಪುಸಕ್ಕೆ ಇಳಿಯಬಹುದು.

ಮೂಗು ಬಿಡಿಸುವ ಹನಿ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಹಾಕಿದ ಕೂಡಲೇ ಮೂಗು ತೆರೆಯುತ್ತದೆ. ಅದಕ್ಕೇ ಜನ ಬಿಡುವುದಿಲ್ಲ. ಮೂರು ದಿನ, ಹೆಚ್ಚೆಂದರೆ ಐದು ದಿನ ಹಾಕಿ ನಿಲ್ಲಿಸಿ. ಅದಕ್ಕೂ ಹೆಚ್ಚು ದಿನ ಹಾಕಿದರೆ ಆ ಹನಿಯಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಹನಿ ಇಲ್ಲದೆ ನಿದ್ದೆಯೇ ಬಾರದಂತೆ ಆಗುತ್ತದೆ. ಅಲರ್ಜಿಗೆ ಡಾಕ್ಟರು ಬರೆದುಕೊಡುವ ಸ್ಪ್ರೇ ಬೇರೆ. ಅದನ್ನು ಹೇಳಿದಷ್ಟು ದಿನ ಹಾಕಬೇಕು.

ಕೂಡಲೇ ಓಡಬೇಕಾದ ಹೊತ್ತು

ಕಣ್ಣುಗಳ ನಡುವಿನ ಸೈನಸ್ಸಿಗೂ ಕಣ್ಣಿಗೂ ನಡುವೆ ಇರುವ ಎಲುಬು ಕಾಗದದಷ್ಟು ತೆಳು. ಹಣೆಯ ಸೈನಸ್ಸಿನ ಹಿಂದೆ ಮೆದುಳು ಇದೆ. ಹೀಗಾಗಿ ಅಪರೂಪಕ್ಕೆ ಕೀವು ಅಲ್ಲಿಗೂ ಹೋಗುತ್ತದೆ. ಕಣ್ಣಿನ ಸುತ್ತ ಊತ, ಕಣ್ಣು ಮುಂದೆ ಬಂದಂತೆ ಕಾಣುವುದು, ಒಂದು ಎರಡಾಗಿ ಕಾಣುವುದು, ಹಣೆ ಮೆತ್ತಗೆ ಊದುವುದು, ಕುತ್ತಿಗೆ ಬಿಗಿಯುವುದು, ಮಂಪರು ಬಂದು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ದಿನ ಎಣಿಸಬೇಡಿ. 108ಕ್ಕೆ ಫೋನ್ ಮಾಡಿ.

ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಎಚ್ಚರ ಇರಬೇಕು. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ಕಪ್ಪು ಶಿಲೀಂಧ್ರ ಎಂಬ ಹೆಸರು ಎಲ್ಲರೂ ಕೇಳಿದಿರಿ. ಗೋವಾದಲ್ಲೂ ಬಂತು, ಕರ್ನಾಟಕದಲ್ಲೂ ಬಂತು. ಅದು ಬೂಸಿನ ಜಾತಿಯದು. ಗಾಳಿಯಲ್ಲಿ, ಮಣ್ಣಿನಲ್ಲಿ ಯಾವಾಗಲೂ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಏನೂ ಮಾಡದು. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ, ಸ್ಟೀರಾಯ್ಡ್ ಔಷಧ ಹೆಚ್ಚು ತಗೊಂಡವರಿಗೆ ಅದು ಮೂಗಿನಲ್ಲಿ ಬೇರೂರಿ, ಸೈನಸ್ಸಿಗೆ, ಅಲ್ಲಿಂದ ಕಣ್ಣಿಗೆ ಹೋಯಿತು. ಹಲವರು ಕಣ್ಣು ಕಳೆದುಕೊಂಡರು. ಹಲವರು ಉಳಿಯಲಿಲ್ಲ. ಕೊರೊನಾ ಇಳಿದರೂ ಈ ಶಿಲೀಂಧ್ರ ಎಲ್ಲಿಗೂ ಹೋಗಿಲ್ಲ. ಸಕ್ಕರೆ ಕಾಯಿಲೆಯವರಿಗೆ ಒಂದು ಕಡೆ ಮುಖ ಜೋಮು ಹಿಡಿದರೆ, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ ಬಂದರೆ, ಅಂಗುಳ ಕಪ್ಪಾದರೆ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯನ್ನು ದೂರ ಇಡಬೇಡಿ.

ಎಲ್ಲಿಗೆ ಹೋಗಬೇಕು? ಏನು ಹೇಳಬೇಕು?

ವಾಸ್ಕೊ ಕಡೆಯವರಿಗೆ ಚಿಕಾಲಿಂ ಆಸ್ಪತ್ರೆ ಹತ್ತಿರ. ಮಡಗಾಂವ್ ಮತ್ತು ಮಾಪ್ಸಾದಲ್ಲಿ ಜಿಲ್ಲಾ ಆಸ್ಪತ್ರೆಗಳಿವೆ. ಎಲ್ಲಕ್ಕಿಂತ ದೊಡ್ಡದು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಪೋರ್ಚುಗೀಸರ ಕಾಲದಲ್ಲಿ, 1842ರಲ್ಲಿ ಶುರುವಾದ ವೈದ್ಯ ಶಾಲೆ ಅದು. ಅಲ್ಲಿ ಕಿವಿ ಮೂಗು ಗಂಟಲಿನ ವಿಭಾಗ ಇದೆ. 2018ರ ಜನವರಿಯಿಂದ ಗೋವಾದವರಲ್ಲದ ರೋಗಿಗಳಿಗೆ ಸರ್ಕಾರಿ ದೊಡ್ಡ ಆಸ್ಪತ್ರೆಗಳಲ್ಲಿ ಶುಲ್ಕ ಹಾಕಲು ಶುರು ಮಾಡಿದರು. ಆದ್ದರಿಂದ ಆಧಾರ್ ಕಾರ್ಡ್, ಇಲ್ಲಿಯ ರೇಷನ್ ಕಾರ್ಡ್ ಅಥವಾ ಮತದಾರರ ಚೀಟಿ ಏನಿದೆಯೋ ಅದನ್ನು ತಗೊಂಡು ಹೋಗಿ. ಯಾವುದಕ್ಕೆ ಎಷ್ಟು ಅಂತ ಕೌಂಟರಿನಲ್ಲಿ ಮೊದಲೇ ಕೇಳಿ. ದುಡ್ಡಿನ ಹೆದರಿಕೆಯಿಂದ ಕಣ್ಣು ಊದಿದವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಅಲ್ಲಿ ಕೊಂಕಣಿ, ಹಿಂದಿ ಮಾತು. ಡಾಕ್ಟರಿಗೆ ಕನ್ನಡ ಬರದೇ ಇರಬಹುದು. ಹನ್ನೆರಡು ದಿನದಿಂದ ಮೂಗು ಕಟ್ಟಿದ್ದರೆ ಹಿಂದಿಯಲ್ಲಿ “ಬಾರಾ ದಿನ್ ಸೇ ನಾಕ್ ಬಂದ್ ಹೈ” ಅಂತ ಹೇಳಿ. ಹೋಗುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ:

ನೆಗಡಿ ಶುರುವಾದ ತಾರೀಖು.
ಜ್ವರ ಬಂದ ದಿನಗಳು.
ನೋವು ಎಲ್ಲಿ? ಕೆನ್ನೆ, ಹಣೆ, ಹಲ್ಲು. ಒಂದು ಕಡೆಯೋ, ಎರಡೂ ಕಡೆಯೋ?
ಸಕ್ಕರೆ, ಬಿ.ಪಿ., ಉಬ್ಬಸ ಇದೆಯೇ?
ಯಾವುದಾದರೂ ಔಷಧ ಮೈಗೆ ಒಗ್ಗುವುದಿಲ್ಲವೇ?

ಈಗಾಗಲೇ ಗುಳಿಗೆ ತಗೊಂಡಿದ್ದರೆ ಅದರ ಖಾಲಿ ಪಟ್ಟಿಯನ್ನೂ ಚೀಟಿಯ ಜೊತೆ ಇಟ್ಟುಕೊಂಡು ಹೋಗಿ.